2004ರ ಸಿಲ್ವರಾಡೊಗೆ 1998ರ ಗೇರ್‌ಬಾಕ್ಸ್: 4ಎಲ್80ಇ ಕೂರಿಸಿದ ಅನುಭವ

ನನ್ನ ಪಿಕಪ್ ಟ್ರಕ್ಕಿನ ನೋಂದಣಿ ಕಳೆದ ವಾರ ನವೀಕರಣಗೊಂಡಿತು. ಅದರೊಂದಿಗೆ ಬೇಸಿಗೆಯಿಂದ ಎಳೆದುಕೊಂಡು ಬಂದಿದ್ದ ಗೇರ್‌ಬಾಕ್ಸ್ ಬದಲಾವಣೆಯ ಕೆಲಸ ಕಾಗದದ ಮೇಲೂ ಮುಗಿದಂತಾಯಿತು. ವಾಹನ 2004ರ ಶೆವರ್ಲೆ ಸಿಲ್ವರಾಡೊ 1500. 5.3 ಲೀಟರ್‌ನ ವಿ8 ಎಂಜಿನ್, ಹಿಂದಿನ ಎರಡೇ ಚಕ್ರಗಳಿಗೆ ಚಾಲನೆ, ಒಂದೇ ಸಾಲು ಆಸನದ ಕ್ಯಾಬಿನ್. ಕಾರ್ಖಾನೆಯಿಂದಲೇ ಬಂದಿದ್ದ 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಇಳಿಸಿ, 1998ರ ಭಾರಿ ಪಿಕಪ್ಪೊಂದರಿಂದ ಬಿಚ್ಚಿದ 4ಎಲ್80ಇ ಗೇರ್‌ಬಾಕ್ಸನ್ನು ಅದರ ಜಾಗದಲ್ಲಿ ಕೂರಿಸಿದ್ದೇನೆ. ಡಲ್ಲಾಸ್ ಸುತ್ತಮುತ್ತ ನೆಲೆಸಿ, ಊರಾಚೆ ತುಂಡು ಜಮೀನು ಕೊಂಡು, ಟ್ರೇಲರ್ ಎಳೆಯಲೆಂದು ಹಳೆಯ ಪಿಕಪ್ ಇಟ್ಟುಕೊಂಡಿರುವ ಕನ್ನಡಿಗರು ಕೆಲವರಿದ್ದಾರೆ. ಅವರಲ್ಲಿ ಮೂವರು ಈಗಾಗಲೇ ಫೋನ್ ಮಾಡಿ ವಿಚಾರಿಸಿದ್ದರಿಂದ, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ತೊಂದರೆ ಆರಂಭವಾದದ್ದು ಟ್ರೇಲರಿನಲ್ಲಿ ಕಲ್ಲುಪುಡಿ ತುಂಬಿಕೊಂಡು ಬರುತ್ತಿದ್ದಾಗ. ಮೊದಲ ಗೇರಿನಲ್ಲಿ ಹೊರಟ ಗಾಡಿ ಎರಡನೆಯದಕ್ಕೆ ಹೋಗಬೇಕಾದಲ್ಲಿ ಎಂಜಿನ್ ಸುಮ್ಮನೆ ಕೂಗಿತು; ಹೇಗೋ ವೇಗ ಹಿಡಿದು ಮೂರನೆಯದಕ್ಕೆ ಬಿದ್ದ ಮೇಲೆ ಏನೂ ಆಗಿಲ್ಲವೆಂಬಂತೆ ಓಡಿತು. ಮನೆ ತಲುಪಿ ಹಿಂದಕ್ಕೆ ತೆಗೆಯಲು ಹೋದಾಗ ರಿವರ್ಸ್ ಕೂಡ ಇರಲಿಲ್ಲ. ಎರಡು, ನಾಲ್ಕು ಮತ್ತು ರಿವರ್ಸ್ ಒಟ್ಟಿಗೆ ಹೋಗಿ, ಒಂದು ಮತ್ತು ಮೂರು ಮಾತ್ರ ಉಳಿದರೆ, 4ಎಲ್60ಇ ಒಳಗಿನ ಸನ್ ಶೆಲ್ ಎಂಬ ಉಕ್ಕಿನ ಬಟ್ಟಲು ಒಡೆದಿದೆಯೆಂದೇ ಸಾಮಾನ್ಯವಾಗಿ ಅರ್ಥ. ಈ ಗೇರ್‌ಬಾಕ್ಸಿನ ಹೆಸರಾಂತ ದೌರ್ಬಲ್ಯಗಳಲ್ಲಿ ಅದೊಂದು. ಮೂರು-ನಾಲ್ಕರ ಕ್ಲಚ್ ತಟ್ಟೆಗಳು ಸುಟ್ಟುಹೋಗುವುದು ಇನ್ನೊಂದು. ಪೂರ್ತಿ ಬಿಚ್ಚಿ ರಿಪೇರಿ ಮಾಡಿಕೊಡಲು ಹತ್ತಿರದ ಗೇರ್‌ಬಾಕ್ಸ್ ಅಂಗಡಿಯವರು 3,100 ಡಾಲರ್ ಹೇಳಿದರು, ಒಂದು ವರ್ಷದ ಗ್ಯಾರಂಟಿಯೊಂದಿಗೆ. ಭಾರ ಎಳೆಯುವ ಗಾಡಿಗೆ ಮತ್ತೆ ಅದೇ ದುರ್ಬಲ ಪೆಟ್ಟಿಗೆಗೆ ಅಷ್ಟು ಹಣ ಸುರಿಯಲು ನನಗೆ ಮನಸ್ಸಾಗಲಿಲ್ಲ.

4ಎಲ್60ಇ ಮೂಲತಃ 1982ರಲ್ಲಿ ಬಂದ 700ಆರ್4 ಗೇರ್‌ಬಾಕ್ಸಿನ ವಿದ್ಯುನ್ಮಾನ ರೂಪ. 4ಎಲ್80ಇ ಬಂದದ್ದು 1991ರಲ್ಲಿ. ಅದರ ತಾಯಿಬೇರು 1964ರ ಟರ್ಬೊ ಹೈಡ್ರಾಮ್ಯಾಟಿಕ್ 400. ಜನರಲ್ ಮೋಟರ್ಸ್ ತನ್ನ ಮುಕ್ಕಾಲು ಟನ್ ಮತ್ತು ಒಂದು ಟನ್ ಟ್ರಕ್ಕುಗಳಿಗೆ ನೆಚ್ಚಿಕೊಂಡಿದ್ದದ್ದು ಈ ವಂಶವನ್ನು. ಎಣ್ಣೆಯಿಲ್ಲದೆ ತೂಗಿದರೆ ಮೊದಲನೆಯದು ಸುಮಾರು 68 ಕಿಲೊ, ಎರಡನೆಯದು ಸುಮಾರು 107 ಕಿಲೊ. ಆ ವ್ಯತ್ಯಾಸ ಬಹುಪಾಲು ಒಳಗಿನ ಉಕ್ಕಿನ ಗಾತ್ರದ್ದು. ನನ್ನ ಟ್ರಕ್ಕಿನ ಪೀಳಿಗೆಯಲ್ಲೇ ಬಂದ 2500ಎಚ್‌ಡಿ ಎಂಬ ಭಾರಿ ಮಾದರಿಯಲ್ಲಿ 6 ಲೀಟರ್ ಎಂಜಿನ್ನಿನ ಹಿಂದೆ ಇದೇ 4ಎಲ್80ಇ ಇತ್ತು. ಎಂದರೆ, ಬೇಕಾದ ಸಣ್ಣಪುಟ್ಟ ಭಾಗಗಳನ್ನೆಲ್ಲ ಕಂಪನಿಯೇ ಎಂದೋ ತಯಾರಿಸಿಟ್ಟಿದೆ, ಹುಡುಕಿ ಜೋಡಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಈ ಬದಲಾವಣೆ ಇಲ್ಲಿ ಇಷ್ಟು ಚಾಲ್ತಿಯಲ್ಲಿರುವುದಕ್ಕೆ ಅದೇ ಕಾರಣ.

ಗಾಡಿಯನ್ನು ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಎತ್ತಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬಡಾವಣೆಯ ಮಾಲೀಕರ ಸಂಘದಿಂದ ಪತ್ರ ಬಂತು. ರಸ್ತೆಗೆ ಕಾಣುವಂತೆ ವಾಹನ ರಿಪೇರಿ ಮಾಡಬಾರದೆಂಬ ಷರತ್ತಿನ ಸಂಖ್ಯೆ, ಗಾಡಿಯ ಚಿತ್ರ, ತೆರವುಗೊಳಿಸಬೇಕಾದ ಗಡುವು, ಮೀರಿದರೆ ದಂಡ, ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿದ್ದವು. ನಮ್ಮ ಊರಿನಲ್ಲಿ ರಸ್ತೆಯ ಪಕ್ಕದಲ್ಲೇ ಲಾರಿಯ ಎಂಜಿನ್ ಇಳಿಸುವುದನ್ನು ನೋಡುತ್ತ ಬೆಳೆದವನಿಗೆ ಸಿಟ್ಟು ಬಾರದಿರಲಿಲ್ಲ. ಆದರೆ ಮನೆ ಕೊಳ್ಳುವಾಗ ಸಹಿ ಹಾಕಿದ ಕಾಗದದಲ್ಲಿ ಆ ಷರತ್ತು ಇದ್ದದ್ದೂ ನಿಜ. ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬನಿಗೆ ಊರಾಚೆ ಜಮೀನೂ ತಗಡಿನ ದೊಡ್ಡ ಶೆಡ್ಡೂ ಇವೆ. ವಿಷಯ ಹೇಳಿದಾಗ ಅವನು, “ಅಣ್ಣಾರ, ನಮ್ಮ ಶೆಡ್ಡಿಗೇ ತಂದ್ಬಿಡ್ರಿ, ಇಲ್ಲಿ ಕೇಳಾವ್ರು ಯಾರೂ ಇಲ್ಲ” ಎಂದ. ರಿವರ್ಸ್ ಇಲ್ಲದ ಗಾಡಿಯನ್ನು ಟೋ ಟ್ರಕ್ಕಿಗೆ ಏರಿಸಿ ಅಲ್ಲಿಗೆ ಒಯ್ದೆ. ಸಂಘವಿರುವ ಬಡಾವಣೆಯಲ್ಲಿ ಇರುವವರು ಮೊದಲು ಜಾಗದ ವ್ಯವಸ್ಥೆ ಮಾಡಿಕೊಂಡು, ಆಮೇಲೆ ಜಾಕ್ ಮುಟ್ಟುವುದು ಒಳ್ಳೆಯದು.

ಇನ್ನು ಗೇರ್‌ಬಾಕ್ಸಿನ ಹುಡುಕಾಟ. ಗುಜರಿ ಅಂಗಳವೊಂದರ ಪಟ್ಟಿಯಲ್ಲಿ “1998 ಶೆವರ್ಲೆ 2500, 4ಎಲ್80ಇ” ಎಂದು ನಮೂದಾಗಿತ್ತು. ಹೋಗಿ ನೋಡಿದರೆ ಅದರ ಚಕ್ರಗಳಿಗೆ ಆರು ನಟ್ಟುಗಳಿದ್ದವು. ಆ ಕಾಲದ 2500ರಲ್ಲಿ ಎರಡು ತೂಕದ ವರ್ಗಗಳಿದ್ದವು. ಆರು ನಟ್ಟಿನ ಹಗುರ ಮಾದರಿಯಲ್ಲಿ 4ಎಲ್60ಇ, ಎಂಟು ನಟ್ಟಿನ ಭಾರಿ ಮಾದರಿಯಲ್ಲಿ 4ಎಲ್80ಇ. ಹೆಸರಿನ ಫಲಕ ಎರಡರಲ್ಲೂ ಒಂದೇ. ಅನುಮಾನ ಪರಿಹಾರಕ್ಕೆ ಇನ್ನೂ ಎರಡು ದಾರಿಗಳಿವೆ. ಗ್ಲೋವ್ ಬಾಕ್ಸಿನೊಳಗಿನ ಸಂಕೇತಗಳ ಚೀಟಿಯಲ್ಲಿ ‘ಎಂ30’ ಇದ್ದರೆ 4ಎಲ್60ಇ, ‘ಎಂಟಿ1’ ಇದ್ದರೆ 4ಎಲ್80ಇ. ಚೀಟಿ ಹರಿದುಹೋಗಿದ್ದರೆ ಕೆಳಗೆ ಬಗ್ಗಿ ಎಣ್ಣೆ ತಟ್ಟೆಯ ಬೋಲ್ಟುಗಳನ್ನು ಎಣಿಸಬೇಕು: 4ಎಲ್60ಇ ತಟ್ಟೆಗೆ 16, 4ಎಲ್80ಇ ತಟ್ಟೆಗೆ 17. ಮಾರುವವನು ಎಷ್ಟು ಖಚಿತವಾಗಿ ಹೇಳಿದರೂ ಹಣ ಕೊಡುವ ಮೊದಲು ಈ ಎಣಿಕೆಯನ್ನು ಮಾಡಲೇಬೇಕು.

ಮುಂದೆ ಬೇರೊಂದು ಅಂಗಳದಲ್ಲಿ, ಎಂಟು ನಟ್ಟಿನ, 5.7 ಲೀಟರ್ ಎಂಜಿನ್ನಿನ 1998ರ ಗಾಡಿಯಿಂದ ಇಳಿಸಿಟ್ಟ ಪೆಟ್ಟಿಗೆ 650 ಡಾಲರಿಗೆ ಸಿಕ್ಕಿತು. ಎಣ್ಣೆ ಅಳತೆಯ ಕಡ್ಡಿಯಲ್ಲಿ ಉಳಿದಿದ್ದ ಎಣ್ಣೆ ಕಂದಿತ್ತಾದರೂ ಸುಟ್ಟ ವಾಸನೆ ಇರಲಿಲ್ಲ. ರಸೀದಿಯಲ್ಲಿ ಗಾಡಿಯ ಗುರುತು ಸಂಖ್ಯೆ, ದಾಸ್ತಾನು ಸಂಖ್ಯೆ, ಮೂವತ್ತು ದಿನಗಳ ಬದಲಿ ಷರತ್ತು ಮತ್ತು ಹಳೆಯ ಪೆಟ್ಟಿಗೆ ಮರಳಿಸಿದರೆ ವಾಪಸಾಗುವ ಠೇವಣಿ, ಇವೆಲ್ಲ ಬರೆದಿವೆಯೇ ಎಂದು ನೋಡಿಕೊಂಡೆ. ಮೂವತ್ತು ದಿನಗಳೆಂದರೆ ಕೊಂಡ ದಿನದಿಂದ. ಗಾಡಿಗೆ ಹಾಕಿದ ದಿನದಿಂದ ಅಲ್ಲ. ನನ್ನಂತೆ ಶನಿವಾರ-ಭಾನುವಾರ ಮಾತ್ರ ಕೆಲಸ ಮಾಡುವವರಿಗೆ ಆ ಅವಧಿ ಪೆಟ್ಟಿಗೆ ನೆಲದ ಮೇಲಿರುವಾಗಲೇ ಕಳೆದುಹೋಗುತ್ತದೆ. ಆದ್ದರಿಂದ ಅದನ್ನು ನೆಚ್ಚದೆ, ಸ್ವಂತವಾಗಿ ಗೇರ್‌ಬಾಕ್ಸ್ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದು, ಬಿಚ್ಚಿಸಿ ನೋಡಿಸಿದೆ. ಕ್ಲಚ್ ತಟ್ಟೆಗಳು ಚೆನ್ನಾಗಿದ್ದವು. ಸೀಲುಗಳು, ಫಿಲ್ಟರ್, ವಿದ್ಯುತ್ತಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳು ಮತ್ತು ಒಳಗಿನ ತಂತಿಗಳ ಕಟ್ಟು ಹೊಸದಾದವು. ಅವರ ಸರದಿಗಾಗಿ ಕಾಯ್ದದ್ದೇ ಕೆಲಸಕ್ಕಿಂತ ದೀರ್ಘವಾಯಿತು. ವೆಚ್ಚ 480 ಡಾಲರ್. ಈ ಹಣ ಉಳಿಸಬಾರದೆಂಬುದು ನನ್ನ ಅಭಿಪ್ರಾಯ. ನೂರು ಕಿಲೊ ದಾಟಿದ ವಸ್ತುವನ್ನು ಎರಡು ಬಾರಿ ಎತ್ತಿ ಇಳಿಸುವ ಶ್ರಮಕ್ಕೆ ಹೋಲಿಸಿದರೆ ಅದು ಸಣ್ಣ ಮೊತ್ತ.

ಅವರೇ ಗಮನಕ್ಕೆ ತಂದ ಒಂದು ಸಂಗತಿ. 1996ರವರೆಗಿನ 4ಎಲ್80ಇಯಲ್ಲಿ ಎಣ್ಣೆ ತಂಪುಮಾಡುವ ಎರಡೂ ಪೈಪುಗಳು ಪೆಟ್ಟಿಗೆಯ ಮುಂಭಾಗದಲ್ಲಿ ಅಕ್ಕಪಕ್ಕ ಇರುತ್ತವೆ. 1997ರಿಂದೀಚೆಗೆ, ಹಿಂತಿರುಗುವ ಎಣ್ಣೆಯ ದಾರಿಯನ್ನು ಹಿಂದಕ್ಕೆ ಸರಿಸಿ, ಒಳಗಿನ ಹಿಂಭಾಗದ ಗೇರುಗಳಿಗೆ ಹೆಚ್ಚು ಎಣ್ಣೆ ಸಿಗುವಂತೆ ಮಾಡಲಾಯಿತು. ಕೊಳ್ಳುವುದಾದರೆ 1997ರದ್ದು ಅಥವಾ ಅದರ ನಂತರದ್ದನ್ನೇ ಹುಡುಕಿ.

ಮುಖ್ಯ ತೊಡಕು ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ. 1998ರ ಪೆಟ್ಟಿಗೆ ಹಳೆಯ ಪೀಳಿಗೆಯ ಎಂಜಿನ್ನಿಗಾಗಿ ಮಾಡಿದ್ದು. 1999ರಿಂದ ಟ್ರಕ್ಕುಗಳಿಗೆ ಬಂದ ಹೊಸ ಪೀಳಿಗೆಯ ವಿ8 ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎಂಬ ತಿರುಗುವ ಮುಖ್ಯ ದಂಡದ ಹಿಂತುದಿ ಸುಮಾರು 10 ಮಿಲಿಮೀಟರ್ ಒಳಗೆ ಸರಿದಿದೆ. ಆ ತುದಿಗೆ ಕೂರುವ ತೆಳು ಉಕ್ಕಿನ ತಟ್ಟೆಯೇ ಫ್ಲೆಕ್ಸ್‌ಪ್ಲೇಟ್. ನನ್ನ ಟ್ರಕ್ಕಿನ ಮೂಲ ಫ್ಲೆಕ್ಸ್‌ಪ್ಲೇಟ್ ಆ ಅಂತರ ತುಂಬಲೆಂದು ಬಟ್ಟಲಿನಂತೆ ಬಾಗಿದ್ದು, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಮೂರೇ ಬೋಲ್ಟುಗಳಿಂದ ಸೇರುತ್ತದೆ. 4ಎಲ್80ಇ ಕನ್ವರ್ಟರಿಗೆ ಆರು ಬೋಲ್ಟುಗಳು. ಹೀಗಾಗಿ ಚಪ್ಪಟೆಯಾದ ಬೇರೆ ಫ್ಲೆಕ್ಸ್‌ಪ್ಲೇಟ್, ಕ್ರ್ಯಾಂಕಿನ ತುದಿಗೆ ಕೂರುವ 10 ಮಿಲಿಮೀಟರ್ ದಪ್ಪದ ಉಂಗುರ ಮತ್ತು ಅದಕ್ಕೆ ತಕ್ಕ ಉದ್ದದ ಬೋಲ್ಟುಗಳು ಬೇಕು. ಉಂಗುರಕ್ಕೆ ದಪ್ಪ ತುಂಬುವುದರ ಜೊತೆಗೆ ಇನ್ನೊಂದು ಕೆಲಸವಿದೆ: ಕನ್ವರ್ಟರಿನ ಮೂಗು ಅದರ ರಂಧ್ರದೊಳಗೆ ಕೂತು ನಡುಗೆರೆಯಲ್ಲಿ ನಿಲ್ಲುತ್ತದೆ. ಉಂಗುರ ಬಿಟ್ಟು ವಾಷರುಗಳಿಂದ ಅಂತರ ತುಂಬಿದರೆ ಕನ್ವರ್ಟರ್ ನಡುವಿನಿಂದ ಸರಿದು, ಪೆಟ್ಟಿಗೆಯ ಮುಂದಿನ ಪಂಪನ್ನು ತಿಂದುಹಾಕುತ್ತದೆ. ಈ ಮೂರನ್ನೂ ಒಟ್ಟಾಗಿ 165 ಡಾಲರಿಗೆ ತರಿಸಿದೆ. ಮೊದಲ ಪೊಟ್ಟಣದಲ್ಲಿ ಬೋಲ್ಟುಗಳು ಹಳೆಯ ಉದ್ದದವೇ ಬಂದಿದ್ದರಿಂದ ಬದಲಿಗಾಗಿ ಮತ್ತೆ ಕಾಯಬೇಕಾಯಿತು. ಬೋಲ್ಟನ್ನು ಉಂಗುರ ಮತ್ತು ಫ್ಲೆಕ್ಸ್‌ಪ್ಲೇಟಿನ ಮೂಲಕ ತೂರಿಸಿ, ಆಚೆ ಎಷ್ಟು ತಿರುಪು ಉಳಿಯುತ್ತದೆಂದು ಹಳೆಯದರೊಂದಿಗೆ ಹೋಲಿಸಿ ನೋಡಿದರೆ ಇದು ಮೇಜಿನ ಮೇಲೆಯೇ ಗೊತ್ತಾಗುತ್ತದೆ.

ಹಳೆಯದನ್ನು ಇಳಿಸಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿ ತಂತಿ ಬಿಚ್ಚಿ, ಎಣ್ಣೆ ಇಳಿಸಿ, ಸೈಲೆನ್ಸರಿನ ಮುಂದಿನ ಕವಲು ಪೈಪ್, ಪ್ರೊಪೆಲ್ಲರ್ ಶಾಫ್ಟ್, ಅಡ್ಡಪಟ್ಟಿ, ತಂತಿಗಳು ಹೀಗೆ ಒಂದೊಂದಾಗಿ ಕಳಚುತ್ತ ಹೋದರೆ ಸಾಕು. ಟೆಕ್ಸಸ್‌ನಲ್ಲಿ ಚಳಿಗಾಲದ ಉಪ್ಪಿನ ಕಾಟ ಕಡಿಮೆಯಾದ್ದರಿಂದ ಸೈಲೆನ್ಸರಿನ ನಟ್ಟುಗಳು ಮುರಿಯದೆ ಬಂದವು. ಮಿಶಿಗನ್ ಕಡೆಯವರು ಗ್ಯಾಸ್ ಬರ್ನರ್ ಸಿದ್ಧವಿಟ್ಟುಕೊಳ್ಳಲಿ. ನಾಲ್ಕು ಚಕ್ರ ಚಾಲನೆಯ ಗಾಡಿಯವರಿಗೆ ಇದಕ್ಕಿಂತ ಹೆಚ್ಚಿನ ಕೆಲಸವಿದೆ. 4ಎಲ್60ಇ ಹಿಂದಿನ, ಮುಂದಿನ-ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಒಳಬದಿಗೆ 27 ಹಲ್ಲು, 4ಎಲ್80ಇ ಶಾಫ್ಟಿಗೆ 32 ಹಲ್ಲು. ಅದನ್ನೂ ಬದಲಿಸಬೇಕು. ಅಂಥವರು ನಾಲ್ಕು ಚಕ್ರ ಚಾಲನೆಯ ಗಾಡಿಯಿಂದಲೇ ಬಂದ 4ಎಲ್80ಇ ಕೊಳ್ಳುವುದು ಜಾಣತನ.

ಹೊಸ ಫ್ಲೆಕ್ಸ್‌ಪ್ಲೇಟಿನ ಬೋಲ್ಟುಗಳನ್ನು ಕೈಪಿಡಿಯಂತೆ ಮೂರು ಸುತ್ತಿನಲ್ಲಿ, 15, 37 ಮತ್ತು ಕೊನೆಗೆ 74 ಅಡಿ-ಪೌಂಡಿಗೆ ಬಿಗಿದೆ. ಹಳೆಯ ಕನ್ವರ್ಟರ್ ಬಳಸದೆ 290 ಡಾಲರಿನ ನವೀಕರಿಸಿದ್ದನ್ನು ತಂದಿದ್ದೆ. ಅದರೊಳಗೆ ಮೊದಲೇ ಎಣ್ಣೆ ತುಂಬಿ, ಪೆಟ್ಟಿಗೆಯ ಮೂತಿಗೆ ತಿರುಗಿಸುತ್ತ ಒತ್ತುವಾಗ ಅದು ಹಂತಹಂತವಾಗಿ ಒಳಕ್ಕೆ ಬೀಳಬೇಕು. ಕೊನೆಯ ಹಂತದಲ್ಲಿ ಪಂಪಿನ ಹಲ್ಲುಗಳು ಹಿಡಿಯುತ್ತವೆ. ಪೆಟ್ಟಿಗೆಯ ಮುಂದಿನ ಗಂಟೆಯಾಕಾರದ ಕವಚವಾದ ಬೆಲ್‌ಹೌಸಿಂಗ್ ಎಂಜಿನ್ನಿಗೆ ಪೂರ್ತಿ ತಾಗಿದ ಮೇಲೂ ಕನ್ವರ್ಟರ್ ಕೈಯಿಂದ ಸುಲಭವಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಸುಮಾರು 3ರಿಂದ 5 ಮಿಲಿಮೀಟರ್ ಅಂತರ ಉಳಿಯಬೇಕು. ಅಂತರ ಇಲ್ಲದಿದ್ದರೆ ಬೋಲ್ಟು ಬಿಗಿದು ಎಳೆದುಕೊಳ್ಳುವ ಯೋಚನೆಯೇ ಬೇಡ, ಇಳಿಸಿ ಮತ್ತೆ ಕೂರಿಸಿ. 1998ರ ಬೆಲ್‌ಹೌಸಿಂಗ್‌ನ ರಂಧ್ರಗಳಲ್ಲಿ ಒಂದಕ್ಕೆ ನನ್ನ ಎಂಜಿನ್ನಿನಲ್ಲಿ ಜೊತೆ ಇಲ್ಲ. ಒಂದು ಬೋಲ್ಟು ಕೈಯಲ್ಲೇ ಉಳಿದದ್ದನ್ನು ಕಂಡು ಗೆಳೆಯ ಗಾಬರಿಯಾದ; ಈ ಜೋಡಿಯಲ್ಲಿ ಅದು ಸಹಜ, ಉಳಿದ ಬೋಲ್ಟುಗಳೇ ಸಾಕೆಂದು ಮೆಕ್ಯಾನಿಕ್ ಮೊದಲೇ ತಿಳಿಸಿದ್ದರು. ಬಾಡಿಗೆಗೆ ತಂದ ಗೇರ್‌ಬಾಕ್ಸ್ ಜಾಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. 4ಎಲ್60ಇಯನ್ನು ಇಬ್ಬರು ಎದೆಯ ಮೇಲೆ ಇಟ್ಟುಕೊಂಡು ಏರಿಸಿದ ಕಥೆಗಳನ್ನು ಕೇಳಿದ್ದೇನೆ, ಇದು ಆ ಜಾತಿಯದಲ್ಲ.

ಹೊಸ ಪೆಟ್ಟಿಗೆ ಉದ್ದವಾಗಿರುವುದರಿಂದ ಅದನ್ನು ಹೊರುವ ಅಡ್ಡಪಟ್ಟಿ ಹಿಂದಕ್ಕೆ ಸರಿಯಬೇಕು. ಚಾಸಿಯಲ್ಲಿ ಹೊಸ ತೂತು ಕೊರೆಯುವಾಗ, ಎಡಬದಿಯ ಉಕ್ಕಿನ ಗುಂಟ ಪೆಟ್ರೋಲ್ ಮತ್ತು ಬ್ರೇಕಿನ ಪೈಪುಗಳು ಹಾಯ್ದಿರುವುದನ್ನು ನೆನಪಿಟ್ಟುಕೊಂಡು, ಹಿಂದೆ ಮರದ ಹಲಗೆಯೊಂದನ್ನು ಅಡ್ಡ ಇಟ್ಟು ಕೊರೆದೆವು. ಕ್ಯಾಬಿನ್ನಿನ ತಳವನ್ನು ಎಲ್ಲಿಯೂ ಕತ್ತರಿಸಬೇಕಾಗಲಿಲ್ಲ. ಗೇರ್ ಕೇಬಲ್ ಮೊದಲಿನದೇ ಸಾಕಾಯಿತು, ಆದರೆ ಅದನ್ನು ಪೆಟ್ಟಿಗೆಗೆ ಹಿಡಿಸುವ ಕೊಂಡಿಯನ್ನು 2500ಎಚ್‌ಡಿ ಗಾಡಿಯಿಂದ ತರಬೇಕಾಯಿತು. ಎಣ್ಣೆ ಅಳತೆಯ ಕಡ್ಡಿ ಮತ್ತು ಅದರ ಕೊಳವೆಯೂ ಅದೇ ಗಾಡಿಯವು. ಇಂಥ ಚಿಲ್ಲರೆ ಸಾಮಾನುಗಳಿಗೆ 150 ಡಾಲರ್ ಆಯಿತು. ಗುಜರಿಯಲ್ಲಿ ಪೆಟ್ಟಿಗೆ ಇಳಿಸುವ ಹುಡುಗರು ಇವನ್ನು ಸಾಮಾನ್ಯವಾಗಿ ಕತ್ತರಿಸಿ ಎಸೆಯುತ್ತಾರೆ. ಮುಂಚಿತವಾಗಿ ಹೇಳಿದರೆ ಪುಕ್ಕಟೆಯಾಗಿಯೇ ಸಿಕ್ಕಾವು.

ಒಡೆದ 4ಎಲ್60ಇ ತನ್ನ ಲೋಹದ ಚೂರುಗಳನ್ನು ಎಣ್ಣೆಯೊಂದಿಗೆ ಕೂಲರಿಗೆ ಕಳಿಸಿರುತ್ತದೆ. ರೇಡಿಯೇಟರ್ ಒಳಗಿನ ಭಾಗವನ್ನು ಎರಡೂ ದಿಕ್ಕಿನಿಂದ ತೊಳೆಸಿ, ಹೊರಗಿನ ಕೂಲರನ್ನು ಎಸೆದು ದೊಡ್ಡದೊಂದನ್ನು ಹಾಕಿದೆ. 1998ರ ಪೆಟ್ಟಿಗೆಯ ಮತ್ತು 2004ರ ಟ್ರಕ್ಕಿನ ಪೈಪು ಜೋಡಣೆಗಳು ಒಂದಕ್ಕೊಂದು ಕೂರದಿದ್ದುದರಿಂದ ನಡುವೆ ಅಡಾಪ್ಟರ್ ಹಾಕಿ ಹೊಸ ಪೈಪು ಎಳೆಯಬೇಕಾಯಿತು. ಇದಕ್ಕೆ 190 ಡಾಲರ್.

ಪ್ರೊಪೆಲ್ಲರ್ ಶಾಫ್ಟಿನ ಅಳತೆಯನ್ನು ಯಾರದೋ ಲೆಕ್ಕ ನೋಡಿ ಕೊಡಬಾರದು. ಪೆಟ್ಟಿಗೆ ಅದರ ಅಂತಿಮ ಜಾಗದಲ್ಲಿ ಬಿಗಿಯಾಗಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದಿರುವಾಗ, 32 ಹಲ್ಲಿನ ಹೊಸ ಯೋಕನ್ನು (ಶಾಫ್ಟನ್ನು ಪೆಟ್ಟಿಗೆಗೆ ಸೇರಿಸುವ ತುದಿಯ ತುಂಡು) ಪೂರ್ತಿ ಒಳಗೆ ತಳ್ಳಿ, ಸುಮಾರು ಮುಕ್ಕಾಲು ಇಂಚು ಹೊರಗೆಳೆದು, ಅಲ್ಲಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಳೆಯಬೇಕು. ಯೋಕ್ ಟರ್ಬೊ 400ರದ್ದೇ ಆಗುತ್ತದೆ, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಶಾಫ್ಟ್ ಕೆಲಸದವರು ಅಳತೆಯ ಚೀಟಿಯನ್ನು ಓದಿ, ಚಕ್ರ ನೆಲದ ಮೇಲಿತ್ತೇ ಎಂದು ಎರಡೆರಡು ಬಾರಿ ಕೇಳಿದರು. ಗಾಡಿ ಜಾಕಿನ ಮೇಲಿರುವಾಗಲೇ ಅಳೆದು ತರುವವರು ಅವರಿಗೆ ದಿನನಿತ್ಯ ಸಿಗುತ್ತಾರಂತೆ. ಕತ್ತರಿಸಿ, ಬೆಸುಗೆ ಹಾಕಿ, ತಿರುಗಿಸಿ ಸಮತೂಕ ನೋಡಿದ್ದಕ್ಕೆ, ಯೋಕ್ ಸೇರಿ, 310 ಡಾಲರ್.

ಕಬ್ಬಿಣದ ಕೆಲಸ ಮುಗಿದಾಗ ಮುಕ್ಕಾಲು ಪಾಲು ದಾಟಿದೆವೆಂದು ಗೆಳೆಯ ಸಂಭ್ರಮಿಸಿದ. ಆದರೆ ಎಂಜಿನ್ ಮತ್ತು ಗೇರ್ ಎರಡನ್ನೂ ಆಳುವ ಪಿಸಿಎಂ ಎಂಬ ಕಂಪ್ಯೂಟರಿಗೆ ತನ್ನ ಹಿಂದೆ ಬೇರೆ ಗೇರ್‌ಬಾಕ್ಸ್ ಇದೆಯೆಂಬುದೇ ತಿಳಿದಿರಲಿಲ್ಲ. ಎರಡೂ ಗೇರ್‌ಬಾಕ್ಸುಗಳ ಮುಖ್ಯ ವಿದ್ಯುತ್ ಪ್ಲಗ್ಗು ದುಂಡಗಿದ್ದು ಒಂದೇ ಆಕಾರದಲ್ಲಿರುವುದರಿಂದ ನೇರವಾಗಿ ಚುಚ್ಚಿಬಿಡುವ ಆಸೆಯಾಗುತ್ತದೆ. ಒಳಗಿನ ಪಿನ್ನುಗಳ ಹಂಚಿಕೆ ಮಾತ್ರ ಬೇರೆ. 4ಎಲ್60ಇಯಲ್ಲಿ ಮೂರರಿಂದ ಎರಡಕ್ಕೆ ಇಳಿಯಲು ಪ್ರತ್ಯೇಕ ಸೊಲೆನಾಯ್ಡ್ ಇದೆ, 4ಎಲ್80ಇಯಲ್ಲಿ ಅದಿಲ್ಲ. ಅದರ ಬದಲು 4ಎಲ್80ಇಯಲ್ಲಿ ವೇಗ ಅಳೆಯುವ ಸೆನ್ಸರುಗಳು ಎರಡು: ಮುಂದಿನದು ಒಳಬರುವ ವೇಗಕ್ಕೆ, ಹಿಂದಿನದು ಹೊರಹೋಗುವ ವೇಗಕ್ಕೆ. ಮೂಲ ಟ್ರಕ್ಕಿನಲ್ಲಿ ಹಿಂದಿನದಕ್ಕೆ ಮಾತ್ರ ತಂತಿ ಇತ್ತು, ಅದನ್ನು ಉದ್ದ ಮಾಡಿದರಾಯಿತು. ಮುಂದಿನದಕ್ಕೆ ಎರಡು ಹೊಸ ತಂತಿಗಳನ್ನು ಒಂದಕ್ಕೊಂದು ಹೆಣೆದು ಪಿಸಿಎಂವರೆಗೆ ಒಯ್ದು, ಅದರ ಪ್ಲಗ್ಗಿನ ಖಾಲಿ ಮನೆಗಳಲ್ಲಿ ಪಿನ್ನು ಕೂರಿಸಬೇಕು. 140 ಡಾಲರಿನ ಸಿದ್ಧ ಅಡಾಪ್ಟರ್ ತಂತಿ ಕಟ್ಟು ಕೊಂಡಿದ್ದರಿಂದ ದುಂಡು ಪ್ಲಗ್ಗಿನ ತಲೆನೋವು ತಪ್ಪಿತು. ಎರಡು ಸೆನ್ಸರುಗಳ ಪ್ಲಗ್ಗುಗಳು ಅದಲುಬದಲಾದರೂ ಕೂತುಬಿಡುತ್ತವೆ. ಅದಕ್ಕಾಗಿ ಬಣ್ಣದ ಟೇಪು ಸುತ್ತಿ ಗುರುತು ಮಾಡಿಟ್ಟಿದ್ದೆ.

ಪಿಸಿಎಂ ಒಳಗಿನ ಗೇರ್‌ಬಾಕ್ಸ್ ಭಾಗದ ತಂತ್ರಾಂಶವನ್ನು ತೆಗೆದು, 6 ಲೀಟರಿನ 2500ಎಚ್‌ಡಿಯದನ್ನು ಬರೆಯುವುದು ಮುಂದಿನ ಹಂತ. ಎಚ್‌ಪಿ ಟ್ಯೂನರ್ಸ್‌ನಂಥ ಸಾಧನ ಇರುವವರು ಇದನ್ನು ತಾವೇ ಮಾಡಬಹುದು. ಒಂದೇ ಗಾಡಿಗಾಗಿ ಅದನ್ನು ಕೊಳ್ಳುವುದು ದುಬಾರಿಯೆನಿಸಿ ನಾನು ಪಿಸಿಎಂ ಬಿಚ್ಚಿ ಅಂಚೆಯಲ್ಲಿ ಒಬ್ಬ ಟ್ಯೂನರಿಗೆ ಕಳಿಸಿದೆ. ಅದರೊಂದಿಗೆ ಗಾಡಿಯ ಗುರುತು ಸಂಖ್ಯೆ, ಟೈರ್ ಅಳತೆ ಮತ್ತು ಹಿಂದಿನ ಆ್ಯಕ್ಸಲಿನ 3.73 ಅನುಪಾತ ಬರೆದ ಚೀಟಿ ಇಡಬೇಕು. ಟೈರ್ ಮತ್ತು ಅನುಪಾತ ಬಿಟ್ಟರೆ ವೇಗಮಾಪಕ ಸುಳ್ಳು ಹೇಳುತ್ತದೆ. ಎಂಜಿನ್ನಿನ ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ಯಾವುದನ್ನೂ ಮುಟ್ಟಬಾರದೆಂದು ಅದೇ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದೆ. ಅದು ಫೆಡರಲ್ ಕಾನೂನಿನ ವಿಷಯ. ಶುಲ್ಕ 250 ಡಾಲರ್. ಈ ಕಾಯುವಿಕೆ ಉಳಿದೆಲ್ಲಕ್ಕಿಂತ ಸಂಕಟದ್ದು, ಏಕೆಂದರೆ ಗಾಡಿ ಪೂರ್ತಿ ಸಿದ್ಧವಾಗಿ ನಿಂತಿರುತ್ತದೆ, ಆದರೆ ಕೀಲಿ ತಿರುಗಿಸುವಂತಿಲ್ಲ. ಮುಂದೆ ಮಾಡುವವರು ಹಳೆಯ ಪೆಟ್ಟಿಗೆ ಇಳಿಸುವ ದಿನವೇ ಪಿಸಿಎಂ ಅಂಚೆಗೆ ಹಾಕಲಿ.

ಪಿಸಿಎಂ ಬಂದಾಗ ಡೆಕ್ಸ್‌ರಾನ್ 6 ಎಣ್ಣೆ ತುಂಬಿದೆವು. ಒಣಗಿದ ಪೆಟ್ಟಿಗೆಗೆ ಒಟ್ಟು 13 ಕ್ವಾರ್ಟಿಗಿಂತ ತುಸು ಹೆಚ್ಚು ಹಿಡಿಯುತ್ತದೆ, ಕೂಲರ್ ದೊಡ್ಡದಾದರೆ ಇನ್ನೂ ಸ್ವಲ್ಪ. ಎಣ್ಣೆಗೆ 110 ಡಾಲರ್. ಎಂಜಿನ್ ಚಾಲೂ ಆದ ಮೇಲೆ ಪಂಪು ಎಣ್ಣೆಯನ್ನೆಳೆದು ಮಟ್ಟ ಇಳಿಯುತ್ತದೆಯಾದ್ದರಿಂದ, ಒಬ್ಬರು ಬ್ರೇಕಿನ ಮೇಲೆ ಕಾಲಿಟ್ಟು ಗೇರುಗಳನ್ನು ಒಂದೊಂದಾಗಿ ಹಾಕಿ ತೆಗೆಯುತ್ತಿರುವಾಗ ಇನ್ನೊಬ್ಬರು ಸುರಿಯುತ್ತಿರಬೇಕು. ರಿವರ್ಸಿಗೆ ಹಾಕಿದಾಗ ಗಾಡಿ ಹಿಂದಕ್ಕೆ ತೂಗಿದ್ದನ್ನು ಕಂಡು ನನಗಾದ ಸಂತೋಷವನ್ನು ಇಲ್ಲಿ ವರ್ಣಿಸಲಾರೆ.

ಸಂತೋಷ ಶೆಡ್ಡಿನ ಹೊರಗಿನ ಮಣ್ಣುದಾರಿಯವರೆಗೆ ಮಾತ್ರ. ಚೆಕ್ ಎಂಜಿನ್ ದೀಪ ಹೊತ್ತಿತು, ಗೇರ್ ಬದಲಾವಣೆ ಒರಟಾಯಿತು. ಸಂಕೇತ ಪಿ0716: ಒಳಬರುವ ವೇಗದ ಸೆನ್ಸರಿನ ಸಂಜ್ಞೆ ಸರಿಯಿಲ್ಲ. ಇಂಥ ಹೊತ್ತಿನಲ್ಲಿ ಪೆಟ್ಟಿಗೆಯೇ ಕೆಟ್ಟಿದೆಯೆಂಬ ಭಯ ಮೊದಲು ಬರುತ್ತದೆ, ಆದರೆ ಸಂಕೇತ ತೋರಿಸಿದ ದಾರಿಯಲ್ಲೇ ಹೋಗುವುದು ಅಗ್ಗ. ಸೆನ್ಸರಿನ ತುದಿಯಲ್ಲಿ ಮೀಟರ್ ಹಿಡಿದರೆ ರೋಧ ಸರಿಯಾಗಿತ್ತು. ಪಿಸಿಎಂ ಕಡೆಯ ತುದಿಯಲ್ಲಿ ಹಿಡಿದರೆ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ. ಅಡಾಪ್ಟರ್ ಜೊತೆ ಬಂದಿದ್ದ ಪಿನ್ನುಗಳಲ್ಲಿ ಒಂದರ ಕಚ್ಚುವ ನಾಲಗೆ ಚಪ್ಪಟೆಯಾಗಿದ್ದು, ಪ್ಲಗ್ಗಿನೊಳಗೆ ನಿಲ್ಲದೆ ಹಿಂದಕ್ಕೆ ಜಾರುತ್ತಿತ್ತು. ಪಿನ್ನು ಬದಲಿಸಿ, ಪ್ರತಿ ತಂತಿಯನ್ನೂ ಮೆಲ್ಲನೆ ಎಳೆದು ಪರೀಕ್ಷಿಸಿದ ಮೇಲೆ ದೀಪ ಮತ್ತೆ ಬರಲಿಲ್ಲ.

ಉಳಿದದ್ದು ಸರಕಾರದ ಬಾಗಿಲು. ಗೇರ್‌ಬಾಕ್ಸ್ ಬದಲಾದದ್ದರಿಂದ ಗಾಡಿಯ ಮಾಲೀಕತ್ವದ ಪತ್ರದಲ್ಲಿ ಏನೂ ಬದಲಾಗುವುದಿಲ್ಲ. ಟೆಕ್ಸಸ್‌ನಲ್ಲಿ ಖಾಸಗಿ ವಾಹನಗಳ ಸುರಕ್ಷತಾ ತಪಾಸಣೆಯೂ 2025ರ ಜನವರಿ 1ರಿಂದ ರದ್ದಾಗಿದೆ. ಆದರೆ ಡಲ್ಲಾಸ್ ಸುತ್ತಲಿನ ಕೌಂಟಿಗಳೂ ಸೇರಿದಂತೆ ದೊಡ್ಡ ನಗರಗಳ ಸುತ್ತ ಹೊಗೆ ಪರೀಕ್ಷೆ ಉಳಿದಿದೆ, 2ರಿಂದ 24 ವರ್ಷ ಹಳೆಯ ಪೆಟ್ರೋಲ್ ವಾಹನಗಳಿಗೆ ಅದು ಕಡ್ಡಾಯ, ಅದು ಪಾಸಾಗದೆ ನೋಂದಣಿ ನವೀಕರಣವಿಲ್ಲ. ಪರೀಕ್ಷೆಯೆಂದರೆ ಪಿಸಿಎಂಗೆ ಯಂತ್ರ ಜೋಡಿಸಿ ಓದುವುದು. ಪಿಸಿಎಂಗೆ ಹೊಸ ತಂತ್ರಾಂಶ ಬರೆದಾಗ ಅದರ ಸ್ವಯಂ ಪರೀಕ್ಷೆಗಳೆಲ್ಲ “ಸಿದ್ಧವಿಲ್ಲ” ಎಂಬ ಸ್ಥಿತಿಗೆ ಮರಳುತ್ತವೆ. 2001 ಮತ್ತು ನಂತರದ ಗಾಡಿಗಳಲ್ಲಿ ಅಂಥ ಒಂದಕ್ಕೆ ಮಾತ್ರ ರಿಯಾಯಿತಿ ಇದೆ. ನನ್ನ ಗಡುವು ಹತ್ತಿರವಾಗುತ್ತಿದ್ದರೂ, ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿ, ಊರೊಳಗೂ ಹೆದ್ದಾರಿಯಲ್ಲೂ ಬಗೆಬಗೆಯಾಗಿ ಓಡಿಸುತ್ತ, ಕಿಸೆಗೆ ಹಿಡಿಸುವಂಥ ಸ್ಕ್ಯಾನರಿನಲ್ಲಿ ದಿನಾ ನೋಡುತ್ತ ಕಾಯಬೇಕಾಯಿತು. ಪೆಟ್ರೋಲ್ ಆವಿಯ ಪರೀಕ್ಷೆ ಕೊನೆಯವರೆಗೂ ಹಟ ಹಿಡಿಯಿತು. ಟ್ಯಾಂಕ್ ಪೂರ್ತಿ ತುಂಬಿರುವಾಗಲಾಗಲಿ ಬರಿದಾಗಿರುವಾಗಲಾಗಲಿ ಅದು ನಡೆಯುವುದೇ ಇಲ್ಲ, ಅರ್ಧದ ಆಸುಪಾಸಿನಲ್ಲಿ ಇಟ್ಟುಕೊಳ್ಳಬೇಕು. ಅದೊಂದು ಬಾಕಿ ಇರುವಾಗಲೇ ಹೋಗಿ ಪರೀಕ್ಷೆ ಪಾಸು ಮಾಡಿಸಿದೆ. ನೋಂದಣಿ ಮುಗಿಯುವ ತಿಂಗಳು ಹತ್ತಿರವಿರುವವರು ಮೊದಲೇ ನವೀಕರಿಸಿಕೊಂಡು ನಂತರ ಪಿಸಿಎಂ ಮುಟ್ಟಿದರೆ ಈ ಧಾವಂತವೇ ಇರುವುದಿಲ್ಲ.

ಒಟ್ಟು 2,735 ಡಾಲರ್ ಖರ್ಚಾಗಿದೆ, ಟೋ ಟ್ರಕ್ಕಿನದು ಮತ್ತು ಜಾಕಿನ ಬಾಡಿಗೆ ಬಿಟ್ಟು. ಅಂಗಡಿಯವರ 3,100ಕ್ಕೆ ಹೋಲಿಸಿದರೆ ಉಳಿತಾಯವೆಂದು ಹೇಳಿಕೊಳ್ಳುವಷ್ಟಿಲ್ಲ. ದುಡಿಮೆಯನ್ನು ಲೆಕ್ಕಕ್ಕೆ ಹಿಡಿದರೆ ನಷ್ಟವೇ. ಹಣ ಉಳಿಸಲೆಂದು ಈ ದಾರಿ ಹಿಡಿಯುವವರನ್ನು ನಾನು ತಡೆಯುತ್ತೇನೆ. ಭಾರ ಎಳೆಯುವವರನ್ನು ತಡೆಯುವುದಿಲ್ಲ.

ಓಡಿಸುವಾಗಿನ ವ್ಯತ್ಯಾಸವನ್ನೂ ಮುಚ್ಚಿಡಬಾರದು. 4ಎಲ್60ಇಯ ಮೊದಲ ಗೇರಿನ ಅನುಪಾತ 3.06, ಇದರದು 2.48. ನಿಂತಲ್ಲಿಂದ ಹೊರಡುವಾಗ ಗಾಡಿ ಮೊದಲಿನಷ್ಟು ಚುರುಕಾಗಿಲ್ಲ, ಟ್ರೇಲರ್ ಇದ್ದಾಗ ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕೊನೆಯ ಗೇರ್ 0.70 ಇದ್ದದ್ದು 0.75 ಆಗಿರುವುದರಿಂದ 65 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗುತ್ತಿದ್ದ ಎಂಜಿನ್ ಈಗ ಸುಮಾರು 1,930 ಸುತ್ತು ತಿರುಗುತ್ತದೆ, ಪೆಟ್ರೋಲ್ ತುಸು ಹೆಚ್ಚೇ ಕುಡಿಯುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗಿನ ಹಿಡಿತ ಮಾತ್ರ ಮೊದಲಿನ ಪೆಟ್ಟಿಗೆಗೆ ಎಂದೂ ಇರಲಿಲ್ಲ. ಕಲ್ಲುಪುಡಿ ತುಂಬಿದ ಅದೇ ಟ್ರೇಲರನ್ನು ಎಳೆಯುವಾಗ ಎಣ್ಣೆಯ ಶಾಖವೂ ಮೇಲೇರದೆ ನಿಂತಿತು. ಹಿಂದಿನ ಆ್ಯಕ್ಸಲಿಗೆ 4.10 ಅನುಪಾತ ಹಾಕಿಸಿದರೆ ಹೊರಡುವಾಗಿನ ಕೊರತೆ ಅರ್ಧದ ಹತ್ತಿರ ತುಂಬುತ್ತದೆ, ಆದರೆ ಆಗ ಹೆದ್ದಾರಿಯಲ್ಲಿ ಎಂಜಿನ್ ಇನ್ನಷ್ಟು ತಿರುಗುತ್ತದೆ, ವೇಗಮಾಪಕಕ್ಕಾಗಿ ಪಿಸಿಎಂ ಮತ್ತೆ ಟ್ಯೂನರಿನ ಬಳಿಗೆ ಹೋಗಬೇಕಾಗುತ್ತದೆ, ಅದರ ಬೆನ್ನಿಗೇ ಸ್ವಯಂ ಪರೀಕ್ಷೆಗಳೂ ಮೊದಲಿನಿಂದ. ಸದ್ಯ ನಾನು ಅದಕ್ಕೆ ಕೈಹಾಕುತ್ತಿಲ್ಲ.